‘ಆಮ್ಲಜನಕ’ ಶಬ್ದವಿಚಾರ

ಈಗಿನ ಪ್ರಕೃತಿವಿಜ್ಞಾನದ ಕನ್ನಡ ಗ್ರಂಥಗಳನ್ನು ತೆರೆದು ನೋಡುವವರಿಗೆ ಉಷ್ಣಮಾಪಕ, ದೂರದರ್ಶಕ, ವಿದ್ಯುಚ್ಛಕ್ತಿ, ಜಲಜನಕ, ಆಮ್ಲಜನಕ ಮೊದಲಾದ ಸಮಸ್ತಪದಗಳು ಹೆಜ್ಜೆಹೆಜ್ಜೆಗೂ ಎದುರಾಗುವುವು. ಇವುಗಳ ಮೈಕಟ್ಟು ಕೇವಲ ಪ್ರಾಚೀನವಾದುದು; ಸಂಧಿ ಸಮಾಸಗಳೆಲ್ಲವೂ ಶಾಸ್ತ್ರಸಮ್ಮತವಾಗಿಯೇ ಇರುವುವು. ಆದುದರಿಂದ ಪಾಠಶಾಲೆಯಲ್ಲಿ ಓದಿದವರು ಇಂಥ ಶಬ್ದವನ್ನು ಕಂಡೊಡನೆ ವಿಗ್ರಹವಾಕ್ಯವನ್ನು ಹೇಳಿ, ಅವಯವಾರ್ಥವನ್ನೇ ವಸ್ತುವಿನ ಸ್ವರೂಪವೆಂದು ನಿಶ್ಚಯಿಸಿಬಿಡುವ ಸಂಭವವುಂಟು. ಆದರೆ ಇವು ಅಮರಸಿಂಹನು ಕಂಡ ಅರ್ಥದ ಶಬ್ದಗಳಲ್ಲ. ಪರದೇಶದಲ್ಲಿ ಹುಟ್ಟಿದ ವಿದ್ಯೆಗೆ ನಮ್ಮ ಹಿರಿಯರು ತೊಡಿಸಿದ ನಮ್ಮ ನೆಲದ ಉಡುಪುಗಳು. ಆ ಉಡುಪು ಎಲ್ಲಿ ಮೈಗೆ ಸರಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ವಿಚಾರಿಸುವುದು ಶಬ್ದಶಾಸ್ತ್ರವನ್ನು ಓದಿದವರ ಕರ್ತವ್ಯವೇ ಸರಿ. ಶ್ರೀಮಠದ ಈ ಮಹೋತ್ಸವದ ಸಂಚಿಕೆಯಲ್ಲಿ ಅಂಥ ಒಂದು ಶಬ್ದವನ್ನು, ಎಂದರೆ ‘ಆಮ್ಲಜನಕ’ವನ್ನು, ಸದ್ಭಕ್ತರ ಮುಂದೆ ಯಥಾಮತಿಯಾಗಿ ವಿವೇಚಿಸಲು ಉದ್ದೇಶಿಸಿದೆ.

ಈ ಶಬ್ದವನ್ನೇ ಆರಿಸಿಕೊಂಡುದಕ್ಕೆ ಕಾರಣವಿಲ್ಲದಿಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೋವಿಡ್ ಮಹಾಮಾರಿಯ ಎರಡನೆಯ ಅಲೆಯು ನಾಡನ್ನು ಮುಸುಕಿದಾಗ, ಅದುವರೆಗೆ ಶಾಲೆಯ ಪುಸ್ತಕದಲ್ಲಿ ಮಾತ್ರ ಇದ್ದ ಈ ಮಾತು ಪ್ರತಿಯೊಂದು ಮನೆಯ ಆರ್ತನಾದವಾಯಿತು. ಪತ್ರಿಕೆಗಳು ‘ಆಮ್ಲಜನಕ’ವೆಂದು ಅಚ್ಚುಹಾಕಿದುವು, ಜನರು ‘ಆಕ್ಸಿಜನ್’ ಎಂದು ಕೂಗಿದರು, ಕೆಲವರು ‘ಪ್ರಾಣವಾಯು’ವೆಂದರು. ಒಂದೇ ವಸ್ತುವಿಗೆ ಮೂರು ನಾಮಗಳು. ಇವುಗಳಲ್ಲಿ ಯಾವುದು ಸಾಧು, ಯಾವುದು ಯಥಾರ್ಥ ಎಂಬ ಪ್ರಶ್ನೆಯು ಆಗಿನಿಂದ ಶಿಷ್ಯರಲ್ಲಿ ಅನೇಕರ ಬಾಯಲ್ಲಿ ಬಂದಿರುತ್ತದೆ.

ಮೊದಲು ಶಬ್ದದ ರಚನೆಯನ್ನು ನೋಡುವ. ಆಮ್ಲದ ಜನಕವು ಆಮ್ಲಜನಕ, ಇದು ಷಷ್ಠೀತತ್ಪುರುಷ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂಬ ಷಡ್ರಸಗಳಲ್ಲಿ ಆಮ್ಲವು ಎರಡನೆಯದು, ಅಚ್ಚಗನ್ನಡದಲ್ಲಿ ಹುಳಿ. ಸಂಸ್ಕೃತದಲ್ಲಿ ‘ಅಮ್ಲ’ವೆಂಬ ಹ್ರಸ್ವಾದಿಯಾದ ರೂಪವೇ ಪ್ರಸಿದ್ಧವು, ಕನ್ನಡದಲ್ಲಿ ದೀರ್ಘಾದಿಯಾದ ರೂಪವು ನೆಲೆಗೊಂಡಿದೆ. ‘ಜನ್’ ಧಾತುವಿಗೆ ಪ್ರೇರಣಾರ್ಥವು ಸೇರಿ ‘ಹುಟ್ಟಿಸುವವನು’ ಎಂಬ ಅರ್ಥದಲ್ಲಿ ‘ಜನಕ’ಶಬ್ದವು ನಿಷ್ಪನ್ನವಾಗುತ್ತದೆ. ಆದಕಾರಣ ಹುಳಿಯನ್ನು ಹುಟ್ಟಿಸತಕ್ಕ ವಸ್ತುವೇ ಆಮ್ಲಜನಕವೆಂದಾಯಿತು. ಆದರೆ ಈ ವಸ್ತುವನ್ನು ಮೂಸಿದರೆ ವಾಸನೆಯಿಲ್ಲ, ಸವಿದರೆ ರುಚಿಯಿಲ್ಲ, ನೋಡಿದರೆ ಬಣ್ಣವಿಲ್ಲ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಇದೇ ಇದ್ದರೂ ನಮ್ಮ ನಾಲಗೆಗೆ ಎಂದೂ ಹುಳಿಯು ತೋರಿಲ್ಲ. ಹೀಗಿರಲು ಇದಕ್ಕೆ ಹುಳಿಯ ಸಂಬಂಧವು ಹೇಗೆ ಬಂದಿತು? ಇದನ್ನು ತಿಳಿಯಬೇಕಾದರೆ ಯೂರೋಪು ಖಂಡದ ಚರಿತ್ರೆಯನ್ನು ಸ್ವಲ್ಪ ಅನುಸರಿಸಬೇಕು.

ಕ್ರಿ. ಶ. 18ನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿಯ ಪಂಡಿತರು, ಉರಿಯುವ ವಸ್ತುಗಳಲ್ಲೆಲ್ಲಾ ‘ಫ್ಲಾಜಿಸ್ಟನ್’ ಎಂಬ ಒಂದು ದಾಹ್ಯತತ್ತ್ವವಿರುವುದೆಂದೂ, ಉರಿಯುವಾಗ ಅದು ಹೊರಕ್ಕೆ ಹೋಗುವುದೆಂದೂ ನಂಬಿದ್ದರು. 1774ನೆಯ ಆಗಸ್ಟ್ 1ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ಧರ್ಮೋಪದೇಶಕನು, ಪಾದರಸದ ಕೆಂಪು ಭಸ್ಮದ ಮೇಲೆ ಮಸೂರದಿಂದ ಸೂರ್ಯಕಿರಣಗಳನ್ನು ಕೂಡಿಸಿ ಕಾಯಿಸಲು, ಅದರಿಂದ ಒಂದು ಅನಿಲವು ಹೊರಟಿತು. ಅದರಲ್ಲಿ ಹಿಡಿದ ಮೇಣದ ಬತ್ತಿಯು ಅತಿಶಯವಾದ ಪ್ರಭೆಯಿಂದ ಉರಿಯಿತು. ಸ್ವೀಡನ್ ದೇಶದ ಷೀಲೆ ಎಂಬ ಔಷಧಕಾರನು ಇದಕ್ಕಿಂತ ಮೊದಲೇ ಆ ಅನಿಲವನ್ನು ಪಡೆದು ‘ಅಗ್ನಿವಾಯು’ವೆಂದು ಕರೆದಿದ್ದನು, ಆದರೆ ಅವನ ಗ್ರಂಥವು ಪ್ರಕಟವಾದುದು 1777ರಲ್ಲಿ. ಇವರಿಬ್ಬರೂ ವಸ್ತುವನ್ನು ಕಂಡರು. ಅದರ ತತ್ತ್ವವನ್ನು ಮಾತ್ರ ಹಳೆಯ ಮತದ ಕನ್ನಡಿಯಲ್ಲಿಯೇ ನೋಡಿದರು.

ತತ್ತ್ವವನ್ನು ಬೇರೆಯಾಗಿ ಕಂಡವನು ಫ್ರಾನ್ಸಿನ ಆಂಟ್ವಾನ್ ಲವಾಸಿಯೆ. ಇವನ ಮುಖ್ಯ ಸಾಧನವು ತಕ್ಕಡಿ. ಮಳೆಗೆ ಬಿಟ್ಟ ನೇಗಿಲ ಗುಳಕ್ಕೆ ತುಕ್ಕು ಹಿಡಿಯುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಆ ತುಕ್ಕನ್ನು ಉದುರದಂತೆ ಕೂಡಿಸಿ ತೂಗಿದರೆ ಗುಳದ ತೂಕವು ಮೊದಲಿಗಿಂತ ಹೆಚ್ಚಾಗಿಯೇ ಇರುವುದು. ಲೋಹವು ಭಸ್ಮವಾಗುವಾಗ ಏನೋ ಒಂದು ಹೊರಕ್ಕೆ ಹೋಗುವುದಾದರೆ ತೂಕವು ಹೆಚ್ಚುವುದು ಹೇಗೆ? ಲವಾಸಿಯೆಯು ನಾಲ್ಕು ಔನ್ಸು ಪಾದರಸವನ್ನು ಮುಚ್ಚಿದ ಗಾಜಿನ ಯಂತ್ರದಲ್ಲಿ 12 ದಿನಗಳ ಕಾಲ ಕಾಯಿಸಿದನು. ಸುಮಾರು 50 ಘನಾಂಗುಲದಷ್ಟಿದ್ದ ಗಾಳಿಯು 42 ಅಥವಾ 43 ಘನಾಂಗುಲಕ್ಕೆ ಇಳಿಯಿತು. ಪಾದರಸದ ಮೇಲೆ 45 ಗ್ರೇನಿನಷ್ಟು ಕೆಂಪು ಭಸ್ಮವು ಸಿಕ್ಕಿತು. ಆ ಭಸ್ಮವನ್ನು ಬೇರೆಯಾಗಿ ಇನ್ನೂ ತೀವ್ರವಾಗಿ ಕಾಯಿಸಲು ನಲವತ್ತೊಂದೂವರೆ ಗ್ರೇನು ಪಾದರಸವೂ, ಏಳೆಂಟು ಘನಾಂಗುಲ ಅನಿಲವೂ ಹಿಂದಿರುಗಿ ಬಂದುವು. ಕಳೆದುಹೋದ ಗಾಳಿಯೇ ಭಸ್ಮದಲ್ಲಿ ಸೇರಿತ್ತೆಂಬುದು ಇದರಿಂದ ಸಿದ್ಧವಾಯಿತು. ದಹನವೆಂದರೆ ಹೊರಕ್ಕೆ ಹೋಗುವುದಲ್ಲ, ಕೂಡಿಕೊಳ್ಳುವುದು ಎಂಬ ಈ ಸಿದ್ಧಾಂತದಿಂದಲೇ ಆಧುನಿಕ ರಸಾಯನಶಾಸ್ತ್ರವು ಕಣ್ತೆರೆಯಿತು.

ಇನ್ನು ನಾಮಕರಣದ ವಿಚಾರ. ಲವಾಸಿಯೆಯೂ ಅವನ ಸಮಕಾಲೀನರೂ ಕೆಲವು ಕಾಲ ಈ ಅನಿಲವನ್ನು ‘ಜೀವಾಧಾರವಾದ ವಾಯು’ ಎಂದು ಕರೆಯುತ್ತಿದ್ದರು. ಆದರೆ ಗಂಧಕವನ್ನೋ ರಂಜಕವನ್ನೋ ಇಂಗಾಲವನ್ನೋ ಈ ಅನಿಲದಲ್ಲಿ ಉರಿಸಿ, ಹುಟ್ಟಿದುದನ್ನು ನೀರಿನಲ್ಲಿ ಕೂಡಿಸಿದರೆ ಆ ನೀರು ಹುಳಿಯಾಗುವುದನ್ನು ಅವನು ಪರೀಕ್ಷಿಸಿ ನೋಡಿದ್ದನು. ಮೂರು ಕಡೆಗಳಲ್ಲಿ ಕಂಡುದನ್ನು ಮೂರು ಲೋಕಕ್ಕೂ ಅನ್ವಯಿಸಿ, ಜಗತ್ತಿನ ಸಕಲ ಆಮ್ಲಗಳಿಗೂ ಈ ಅನಿಲವೇ ಮೂಲಕಾರಣವೆಂದು 1777ರ ವೇಳೆಗೆ ಅವನು ನಿರ್ಧರಿಸಿದನು. ಗ್ರೀಕ್ ಭಾಷೆಯಲ್ಲಿ ‘ಆಕ್ಸಿಸ್’ ಎಂದರೆ ಚೂಪಾದುದು, ಹುಳಿಯಾದುದು. ‘ಜೆನ್’ ಎಂಬುದು ಹುಟ್ಟನ್ನು ಹೇಳುವ ಧಾತು. ಇವೆರಡನ್ನೂ ಕೂಡಿಸಿ ‘ಆಕ್ಸಿಜನ್’ ಎಂಬ ಶಬ್ದವು ರಚಿತವಾಯಿತು. 1787ರಲ್ಲಿ ಅವನೂ ಗೀತೋಂ ದ ಮೊರ್ವೋ, ಬರ್ತೊಲೆ, ಫೂರ್ಕ್ರುವಾ ಎಂಬ ಮೂವರು ವಿದ್ವಾಂಸರೂ ಕೂಡಿ ರಸಾಯನಶಾಸ್ತ್ರದ ನಾಮಕರಣಪದ್ಧತಿಯೊಂದನ್ನು ಗ್ರಂಥರೂಪವಾಗಿ ಹೊರಡಿಸಿದಾಗ ಈ ಹೆಸರು ಸ್ಥಿರವಾಯಿತು. ಏಳು ವರ್ಷಗಳ ತರುವಾಯ, 1794ರ ಮೇ 8ರಂದು, ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಲವಾಸಿಯೆಯು ಶಿರಚ್ಛೇದಕ್ಕೆ ಗುರಿಯಾದನು; ಅವನಿಟ್ಟ ಹೆಸರು ಉಳಿಯಿತು.

ಇಲ್ಲಿ ಶಬ್ದಶಾಸ್ತ್ರಪ್ರಿಯರು ಗಮನಿಸತಕ್ಕ ಒಂದು ಸ್ವಾರಸ್ಯವಿದೆ. ಗ್ರೀಕರ ‘ಜೆನ್’ ಧಾತುವೂ ಸಂಸ್ಕೃತದ ‘ಜನ್’ ಧಾತುವೂ ಒಂದೇ ಮೂಲದಿಂದ ಒಡೆದ ಎರಡು ಕವಲುಗಳೆಂದು ಭಾಷಾಶಾಸ್ತ್ರಜ್ಞರು ಸ್ಥಾಪಿಸಿರುತ್ತಾರೆ. ಆದುದರಿಂದ ‘ಆಕ್ಸಿಜನ್’ ಶಬ್ದವನ್ನು ‘ಆಮ್ಲಜನಕ’ವೆಂದು ಪರಿವರ್ತಿಸಿದವರು ಉತ್ತರಪದದಲ್ಲಿ ಅನ್ಯವಾದುದನ್ನೇನೂ ತರಲಿಲ್ಲ, ಬಹುಕಾಲದ ಹಿಂದೆ ಅಗಲಿದ ಸೋದರನನ್ನೇ ಮರಳಿ ಮನೆಗೆ ಕರೆದಂತಾಯಿತು. ಪೂರ್ವಪದದಲ್ಲಿಯಾದರೋ, ಚೂಪೆಂಬ ಅರ್ಥವನ್ನು ಹಿಡಿದು ‘ತೀಕ್ಷ್ಣಜನಕ’ವೆನ್ನದೆ, ನಾಮಕರಣ ಮಾಡಿದವನ ಅಭಿಪ್ರಾಯವನ್ನೇ ಅನುಸರಿಸಿ ‘ಆಮ್ಲ’ವೆಂದರು. ಪದಕ್ಕೆ ಪದವನ್ನಿಡದೆ ವಿವಕ್ಷೆಗೆ ಪದವನ್ನಿಟ್ಟ ಈ ವಿವೇಕವು ಶ್ಲಾಘ್ಯವಾದುದು.

ಈ ಬಗೆಯ ಅನುವಾದವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ತೆಲುಗರು ‘ಆಮ್ಲಜನಿ’ ಎಂದರು. ಬಂಗಾಳದವರು ‘ಅಮ್ಲಜಾನ್’ ಎಂದರು. ಜರ್ಮನರ ‘ಸೌವರ್‌ಸ್ಟೋಫ್’ ಎಂದರೆ ಹುಳಿಯ ದ್ರವ್ಯ. ರಷ್ಯನರ ‘ಕಿಸ್ಲೊರೋದ್’ ಎಂದರೆ ಹುಳಿಯನ್ನು ಹುಟ್ಟಿಸುವುದು. ಜಪಾನೀಯರ ‘ಸಾನ್ಸೊ’ ಎಂದರೆ ಹುಳಿಯ ಮೂಲಧಾತು. ಹೀಗೆ ಪ್ಯಾರಿಸಿನಲ್ಲಿ ಒಬ್ಬನು ಮಾಡಿದ ಊಹೆಯು ಅನೇಕ ಭಾಷೆಗಳ ವೇಷವನ್ನು ಧರಿಸಿ ಭೂಮಂಡಲವನ್ನೆಲ್ಲಾ ಸುತ್ತಿತು.

ಕನ್ನಡದಲ್ಲಿ ಇಂಥ ಶಬ್ದಗಳನ್ನು ನಿರ್ಮಿಸುವ ಮತ್ತು ಬಳಕೆಗೆ ತರುವ ಪ್ರಯತ್ನವು ಬಲಗೊಂಡುದು 20ನೆಯ ಶತಮಾನದ ಆದಿಭಾಗದಲ್ಲಿ. 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದುದು ಎರಡು ವರ್ಷಗಳ ಮಟ್ಟಿಗೆ. ಆದರೂ ಹೊಸ ವಿದ್ಯೆಯನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬ ಧೈರ್ಯವನ್ನು ನಾಡಿಗೆ ಕೊಟ್ಟಿತು. ಪಂಪಭಾರತದ ಪರಿಷ್ಕರಣದಲ್ಲಿ ದುಡಿದ ಕೈಯೇ ಭೌತಶಾಸ್ತ್ರವನ್ನೂ ಬರೆಯಿತೆಂಬುದು ಸ್ಮರಣೀಯವಾದುದು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು.

ಈ ಶಬ್ದನಿರ್ಮಾತೃಗಳ ಮುಂದೆ ನಮ್ಮ ಸೀಮೆಗೆ ಸೇರಿದ ಒಂದು ಹಳೆಯ ನಿಯಮವಿತ್ತು. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವು ಎದ್ದ 13ನೆಯ ಶತಮಾನದಲ್ಲಿಯೇ, ಹಳೇಬೀಡು ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಸಂಸ್ಕೃತಪದವನ್ನೂ ಕನ್ನಡಪದವನ್ನೂ ಮನಬಂದಂತೆ ಬೆಸೆದರೆ ಅದು ಅರಿಸಮಾಸವೆಂದು ಲಾಕ್ಷಣಿಕರ ಮತ. ‘ಹುಳಿಜನಕ’ವೆಂದರೆ ಆ ದೋಷವು ತಟ್ಟುವುದು. ‘ಹುಳಿಗಾಳಿ’ ಎಂದಿದ್ದರೆ ಎರಡೂ ಕನ್ನಡವಾಗಿ ಸಮಾಸವು ನಿರ್ದುಷ್ಟವಾಗುತ್ತಿತ್ತು. ಜರ್ಮನರು ಹಿಡಿದುದು ಇದೇ ದಾರಿ. ನಮ್ಮವರು ಎರಡೂ ಸಂಸ್ಕೃತವಾದ ಮಾರ್ಗವನ್ನು ಹಿಡಿದರು. ಜಲಜನಕ, ಸಾರಜನಕಗಳೂ ಇದೇ ಅಚ್ಚಿನಲ್ಲಿ ಎರಕಗೊಂಡುವು. ಇವುಗಳಲ್ಲಿ ‘ಸಾರಜನಕ’ವು ಮೂಲಕ್ಕೆ ದಾಸನಾಗದ ಶಬ್ದ. ಯೂರೋಪಿನ ಹೆಸರು ‘ಪೆಟ್ಲುಪ್ಪಿನ ಜನಕ’ವೆಂಬರ್ಥವುಳ್ಳದ್ದು; ಕನ್ನಡದ ಹೆಸರಾದರೋ ನೆಲದ ಸಾರವನ್ನು ಬಲ್ಲ ಒಕ್ಕಲಿಗನಿಗೂ ಅರ್ಥವಾಗುವಂತಿದೆ.

ಈಗ ಪ್ರಕೃತವಾದ ದೋಷದ ವಿಚಾರಕ್ಕೆ ಬರುವ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು, ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ, ಎಂದರೆ ಇಂದು ಹೈಡ್ರೋಕ್ಲೋರಿಕ್ ಎನ್ನಿಸಿಕೊಳ್ಳುವ ಆಮ್ಲದಲ್ಲಿ, ಆಮ್ಲಜನಕವು ಲೇಶವೂ ಇಲ್ಲವೆಂದು ತೋರಿಸಿಕೊಟ್ಟನು. ಜಲಜನಕವೂ ಕ್ಲೋರಿನ್ ಎಂಬ ಅನಿಲವೂ ಕೂಡಿ ಅದು ಆಗಿರುವುದು. ಅದು ಎಲ್ಲಿಯೋ ದೂರದ ಪ್ರಯೋಗಶಾಲೆಯ ವಸ್ತುವೂ ಅಲ್ಲ. ನಮ್ಮೆಲ್ಲರ ಜಠರದಲ್ಲಿ ಅನ್ನವನ್ನು ಪಚನ ಮಾಡುವ ದ್ರವದಲ್ಲಿರುವುದು ಅದೇ ಆಮ್ಲವೆಂದು ವಿಲಿಯಂ ಪ್ರೌಟ್ ಎಂಬ ವೈದ್ಯನು 1824ರಲ್ಲಿ ಪ್ರಕಟಿಸಿದನು. ಮತ್ತೊಂದು ಕಡೆ ತಾಂಬೂಲದ ಸುಣ್ಣವನ್ನು ನೋಡಿರಿ. ಅದರಲ್ಲಿ ಆಮ್ಲಜನಕವು ಸೇರಿಯೇ ಇದೆ. ಆದರೂ ಅದು ನೀರಿನಲ್ಲಿ ಹುಳಿಯನ್ನು ಹುಟ್ಟಿಸುವುದಿಲ್ಲ, ಹುಳಿಗೆ ಪ್ರತಿಯಾದ ಕ್ಷಾರವನ್ನೇ ಹುಟ್ಟಿಸುವುದು.

ತರ್ಕವನ್ನು ಓದಿದವರಿಗೆ ಇದನ್ನು ಎರಡೇ ಮಾತಿನಲ್ಲಿ ಹೇಳಬಹುದು. ‘ಹುಳಿಯನ್ನು ಹುಟ್ಟಿಸುವುದು’ ಎಂಬ ಲಕ್ಷಣವು ಸುಣ್ಣದಲ್ಲಿರುವ ಆಮ್ಲಜನಕಕ್ಕೆ ಹೊಂದದೆ ಅವ್ಯಾಪ್ತಿಯಾಯಿತು. ಜಠರದ ಆಮ್ಲವನ್ನು ಹುಟ್ಟಿಸಿದ ಅನ್ಯವಸ್ತುಗಳಿಗೂ ಹೊಂದಿ ಅತಿವ್ಯಾಪ್ತಿಯಾಯಿತು. ಮುಂದೆ 1838ರಲ್ಲಿ ಜರ್ಮನಿಯ ಲೀಬಿಗ್ ಎಂಬ ಪಂಡಿತನು, ಲೋಹವು ಬಂದು ಹೊರದೂಡಬಹುದಾದ ಜಲಜನಕವೇ ಆಮ್ಲಗಳ ಲಕ್ಷಣವೆಂದು ಪ್ರತಿಪಾದಿಸಿದನು. ಸೋಜಿಗವೇನೆಂದರೆ, ನೀರಿನ ಒಂಬತ್ತು ಪಾಲು ತೂಕದಲ್ಲಿ ಸುಮಾರು ಎಂಟು ಪಾಲು ಆಮ್ಲಜನಕವೂ, ಒಂದು ಪಾಲು ಮಾತ್ರ ಜಲಜನಕವೂ ಇರುವುವು. ಹಾಗಾದರೆ ಹುಳಿಗೆ ಕಾರಣವಾದುದು ಜಲಜನಕ, ನೀರಿನ ಹೆಚ್ಚಿನ ಪಾಲು ಆಮ್ಲಜನಕ! ತೊಟ್ಟಿಲುಗಳನ್ನು ಅದಲುಬದಲು ಮಾಡಿ ಹೆಸರಿಟ್ಟಂತೆ ಆಗಿದೆ.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ಸುಳ್ಳಾದ ಶಬ್ದವನ್ನು ಬಿಟ್ಟುಬಿಡಿರಿ, ನಮ್ಮ ಪ್ರಾಚೀನರದೇ ಆದ ‘ಪ್ರಾಣವಾಯು’ವನ್ನು ಬಳಸಿರಿ, ಹಾಗೆ ಮಾಡಿದರೆ ನಮ್ಮ ಋಷಿಗಳಿಗೆ ಈ ಅನಿಲವು ಮೊದಲೇ ಗೊತ್ತಿತ್ತೆಂಬ ಗೌರವವೂ ಉಳಿಯುವುದು, ಎಂದು. ಇದನ್ನು ಒಪ್ಪುವುದು ಕಷ್ಟ. ಯೋಗಶಾಸ್ತ್ರದಲ್ಲಿ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳೆಂಬ ಐದೂ, ನಾಗ, ಕೂರ್ಮ, ಕೃಕರ, ದೇವದತ್ತ, ಧನಂಜಯಗಳೆಂಬ ಐದೂ ಸೇರಿ ದಶವಾಯುಗಳು. ಇವು ದೇಹದಲ್ಲಿ ನಡೆಯುವ ವ್ಯಾಪಾರಗಳಿಗೆ ಇಟ್ಟ ಹೆಸರುಗಳು. ಪ್ರಾಣದ ಸ್ಥಾನವು ಹೃದಯವೆಂದೂ ಉದಾನದ ಸ್ಥಾನವು ಕಂಠವೆಂದೂ ಹೇಳಿದವರ ವಿವಕ್ಷೆಯು, ಉಕ್ಕಿನ ಸಿಲಿಂಡರಿನಲ್ಲಿ ಒತ್ತಿ ತುಂಬಿ, ತೂಗಿ, ಲಾರಿಯಲ್ಲಿ ಸಾಗಿಸಬಹುದಾದ ಒಂದು ದ್ರವ್ಯವಾಗಿರಲಿಲ್ಲ. ಷಟ್‌ಸ್ಥಲಗಳಲ್ಲಿ ಪ್ರಾಣಲಿಂಗಿಸ್ಥಲವನ್ನು ಅಭ್ಯಾಸ ಮಾಡಿದ ಶಿಷ್ಯನು ಅಲ್ಲಿಯ ‘ಪ್ರಾಣ’ಶಬ್ದಕ್ಕೆ ಈ ಅನಿಲವನ್ನೇ ಅರ್ಥಮಾಡಿಕೊಂಡರೆ ಶಾಸ್ತ್ರವೂ ಕೆಡುವುದು, ವಿಜ್ಞಾನವೂ ಕೆಡುವುದು. ಅಲ್ಲದೆ ಈ ಹೆಸರೂ ನಿರ್ದುಷ್ಟವಲ್ಲ. ಧನುರ್ವಾಯುವನ್ನುಂಟುಮಾಡುವ ಸೂಕ್ಷ್ಮಜೀವಿಯು ಆಮ್ಲಜನಕವಿಲ್ಲದ ಎಡೆಯಲ್ಲಿಯೇ ಬೆಳೆಯುವುದು. ಅದಕ್ಕೆ ಇದು ಪ್ರಾಣವಲ್ಲ, ವಿಷ. ಆರ್ತರ ಬಾಯಲ್ಲಿ ‘ಪ್ರಾಣವಾಯು’ವೆಂಬ ಮಾತು ಬಂದರೆ ಅದು ಸಹಜ, ಆ ಗಳಿಗೆಯಲ್ಲಿ ಅದು ನಿಜವೂ ಹೌದು. ಆದರೆ ಆ ಮಾತಿನ ಬಲದಿಂದ ಪ್ರಾಚೀನರಿಗೆ ಅವರು ಹೇಳದ ವಿದ್ಯೆಯನ್ನು ಆರೋಪಿಸುವುದು ಅವರಿಗೆ ಗೌರವವಾಗದು. ಅವರು ಹೇಳಿದುದೇ ಅವರ ಗೌರವಕ್ಕೆ ಸಾಕಾದಷ್ಟಿದೆ.

ಎರಡನೆಯ ಪೂರ್ವಪಕ್ಷ: ‘ಆಕ್ಸಿಜನ್’ ಎಂದೇ ಬರೆದರೆ ಆಗದೆ? ಭಾರತ ಸರ್ಕಾರವು 1961ರಲ್ಲಿ ನೇಮಿಸಿದ ಪಾರಿಭಾಷಿಕ ಶಬ್ದಾವಳಿಯ ಆಯೋಗವೂ ಮೂಲಧಾತುಗಳ ಹೆಸರುಗಳನ್ನು ಅಂತರರಾಷ್ಟ್ರೀಯ ರೂಪದಲ್ಲಿಯೇ ಇಟ್ಟುಕೊಳ್ಳಬಹುದೆಂಬ ನಿಯಮವನ್ನು ಮಾಡಿತಲ್ಲವೆ? ಬರೆಯಬಹುದು, ತಪ್ಪಿಲ್ಲ. ಮೇಲಿನ ತರಗತಿಗಳಲ್ಲಿ ಅದರಿಂದ ಅನುಕೂಲವೂ ಉಂಟು. ಆದರೆ ಸುಳ್ಳಿನ ದೋಷವು ಅದರಿಂದ ಪರಿಹಾರವಾಯಿತೆಂದು ಮಾತ್ರ ತಿಳಿಯಬಾರದು. ಕನ್ನಡದಲ್ಲಿ ಕಾಣುವ ಸುಳ್ಳೇ ಗ್ರೀಕಿನಲ್ಲಿ ಅಡಗಿದೆ. ಭಾಷೆಯನ್ನು ಅರಿಯದವನಿಗೆ ದೋಷವು ಕಾಣದಿರುವುದು ದೋಷವಿಲ್ಲದುದರ ಪ್ರಮಾಣವಾಗದು.

ಹಾಗಾದರೆ ಸಿದ್ಧಾಂತವೇನು? ಅದು ನಮ್ಮ ಶಬ್ದಶಾಸ್ತ್ರದಲ್ಲಿಯೇ ಸಿದ್ಧವಾಗಿದೆ. ಶಬ್ದವು ಅರ್ಥವನ್ನು ಯೋಗದಿಂದಲೂ ಹೇಳುವುದು, ರೂಢಿಯಿಂದಲೂ ಹೇಳುವುದು, ಎರಡೂ ಕೂಡಿಯೂ ಹೇಳುವುದು. ಪಾಚಕನೆಂದರೆ ಅಡಿಗೆ ಮಾಡುವವನು, ಇದು ಯೋಗ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದುದೂ ಹೌದು, ತಾವರೆಯೊಂದೇ ಹೌದು, ಇದು ಯೋಗರೂಢಿ. ಕುಶಲನೆಂದರೆ ಮೊದಲು ದರ್ಭೆಯನ್ನು ಕೊಯ್ದು ತರುವವನು. ಈಗ ದರ್ಭೆಯನ್ನೇ ಕಾಣದವನೂ ಕುಶಲನಾಗಬಹುದು. ‘ಮಂಡಪ’ಶಬ್ದದ ಅವಯವಾರ್ಥವು ತಿಳಿಗಂಜಿಯನ್ನು ಕುಡಿಯುವವನು ಎಂದು. ಆದರೂ ಜಾವಗಲ್ಲಿನ ದೇವಾಲಯದ ಮಂಡಪದಲ್ಲಿ ನಿಂತ ಯಾವ ಯಾತ್ರಿಕನೂ ಗಂಜಿ ಕುಡಿಯುವವನನ್ನು ಹುಡುಕಲಿಲ್ಲ. ರೂಢಿಯು ಯೋಗವನ್ನು ಹಿಂದಿಕ್ಕಿತು; ಶಬ್ದವು ಕೆಡಲಿಲ್ಲ. ‘ಆಮ್ಲಜನಕ’ವೂ ಹೀಗೆಯೇ. 1787ರಲ್ಲಿ ಅದು ಯೌಗಿಕವಾಗಿತ್ತು, ಎಂದರೆ ಒಂದು ಸಿದ್ಧಾಂತದ ಪ್ರತಿಜ್ಞೆಯಾಗಿತ್ತು. ಡೇವಿಯ ಪರೀಕ್ಷೆಯ ತರುವಾಯ ಪ್ರತಿಜ್ಞೆಯು ಬಿದ್ದುಹೋಗಿ ರೂಢಿಯೊಂದೇ ಉಳಿಯಿತು. ಕನ್ನಡಕ್ಕೆ ಬರುವ ಹೊತ್ತಿಗೆ ಅದು ರೂಢವೇ ಆಗಿತ್ತು. ಆದಕಾರಣ ಅದನ್ನು ಬಳಸುವವನು ಅಸತ್ಯವನ್ನು ಆಡಿದಂತಾಗದು. ಆದರೆ ಅದನ್ನು ಬಿಡಿಸಿ, ವಿಗ್ರಹದ ಅರ್ಥವನ್ನೇ ತತ್ತ್ವವೆಂದು ಬೋಧಿಸುವವನು ಅಸತ್ಯವನ್ನೇ ಬೋಧಿಸಿದಂತಾಗುವುದು.

ಈ ಭೇದವು ಸಣ್ಣದೆಂದು ತೋರಬಹುದು. ಆದರೆ ಮಠದ ವಿದ್ಯಾರ್ಥಿನಿಲಯದಲ್ಲಿ ಒಂದೇ ದೀಪದ ಕೆಳಗೆ ಒಬ್ಬ ಬಾಲಕನು ವ್ಯಾಕರಣವನ್ನೂ ಇನ್ನೊಬ್ಬನು ರಸಾಯನವನ್ನೂ ಓದುತ್ತಿರುವನು. ಮೊದಲನೆಯವನು ಎರಡನೆಯವನಿಗೆ ‘ಹುಳಿಯನ್ನು ಹುಟ್ಟಿಸುವುದೇ ಆಮ್ಲಜನಕ’ವೆಂದು ಹೇಳಿಕೊಟ್ಟರೆ ಅವನ ವಿದ್ಯೆಯು ಅಪಕಾರಕ್ಕೆ ಕಾರಣವಾಗುವುದು, ‘ಹೀಗೆಂದು ಒಬ್ಬನು ಊಹಿಸಿದನು, ಮತ್ತೊಬ್ಬನು ಪರೀಕ್ಷಿಸಿ ಅಲ್ಲವೆಂದನು, ಹೆಸರು ಮಾತ್ರ ನಿಂತಿತು’ ಎಂದು ಹೇಳಿಕೊಟ್ಟರೆ ಅದೇ ವಿದ್ಯೆಯು ಉಪಕಾರಕ್ಕೆ ಕಾರಣವಾಗುವುದು. ಲವಾಸಿಯೆಯು ದಹನದ ವಿಷಯದಲ್ಲಿ ತಕ್ಕಡಿಯನ್ನು ನಂಬಿ ಗೆದ್ದನು. ಹುಳಿಯ ವಿಷಯದಲ್ಲಿ ಕೆಲವೇ ದೃಷ್ಟಾಂತಗಳನ್ನು ನಂಬಿ ಸೋತನು. ಅವನ ಗೆಲವು ಶಾಸ್ತ್ರದಲ್ಲಿ ಸೇರಿಹೋಗಿದೆ. ಅವನ ಸೋಲು ಹೆಸರಿನಲ್ಲಿ ನಿಂತಿದೆ. ಪ್ರಯೋಗವು ಪಾಂಡಿತ್ಯಕ್ಕಿಂತ ದೊಡ್ಡದೆಂಬುದನ್ನು ನೆನಪಿಗೆ ತರಲು ಇಂಥ ಒಂದು ಶಬ್ದವು ನಾಲಗೆಯ ಮೇಲೆ ಇರುವುದು ಹಿತವೇ ಆಗಿದೆ.

ಆದುದರಿಂದ ‘ಆಮ್ಲಜನಕ’ಶಬ್ದವು ರೂಢಿಬಲದಿಂದ ಸಾಧುವೆಂದೂ, ವ್ಯುತ್ಪತ್ತಿಯು ಅದರ ಚರಿತ್ರೆಯೇ ಹೊರತು ಲಕ್ಷಣವಲ್ಲವೆಂದೂ, ‘ಪ್ರಾಣ’ಶಬ್ದವನ್ನು ಅದರೊಡನೆ ಬೆರಸಕೂಡದೆಂದೂ ನಿಶ್ಚಯವಾಯಿತು. ಜಲಜನಕ, ಸಾರಜನಕ, ವಿದ್ಯುಚ್ಛಕ್ತಿ ಮೊದಲಾದ ಉಳಿದ ಶಬ್ದಗಳನ್ನೂ ಇದೇ ಕ್ರಮದಿಂದ ವಿಚಾರಿಸುವುದು ನಮ್ಮ ಪಾಠಶಾಲೆಯ ತರುಣರಿಗೆ ತಕ್ಕ ಕೆಲಸವಾಗಿದೆ. ಕೋಶವನ್ನೂ ತಕ್ಕಡಿಯನ್ನೂ ಒಟ್ಟಿಗೆ ಇಟ್ಟುಕೊಂಡು ಅವರು ಅದನ್ನು ನಡೆಸಲೆಂದು ಶ್ರೀಗುರುಚರಣಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸಲಾಗಿದೆ.